ಕೃತಕ ವಾಣಿಯೂ ಗೃಹಸ್ಥರ ಮತವೂ

ಬಾಗಿಲು ತಟ್ಟಿದವರನ್ನು “ಯಾರು?” ಎಂದು ಕೇಳಿ, ದನಿಯಿಂದಲೇ ಗುರುತು ಹಿಡಿದು ಅಗಣಿಯನ್ನು ತೆಗೆಯುವುದು ನಮ್ಮ ಮನೆಗಳ ಹಳೆಯ ರೂಢಿಯಷ್ಟೆ. ರೂಪವನ್ನು ವೇಷದಿಂದ ಮರೆಸಬಹುದು, ಸಹಿಯನ್ನು ನಕಲು ಮಾಡಬಹುದು. ದನಿಯು ಮಾತ್ರ ಒಡೆಯನನ್ನು ಬಿಟ್ಟು ಹೋಗದೆಂದು ನಾವೆಲ್ಲರೂ ನಂಬಿದ್ದೆವು. ಕೃತಕ ಬುದ್ಧಿಮತ್ತೆಯೆಂಬ ಯಂತ್ರವಿದ್ಯೆಯು ಕೈಯೊಳಗಿನ ಮೊಬೈಲಿಗೂ ರಾಜಕೀಯಕ್ಕೂ ಬಂದು ಸೇರಿರುವುದರಿಂದ ಈ ನಂಬಿಕೆಯು ಈಗ ಸಡಿಲವಾಗಿದೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದಲ್ಲಿ ನಡೆದ ಸಂಗತಿಯೊಂದನ್ನು ವಾಚಕರು ಗಮನಿಸತಕ್ಕದ್ದು. ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಜನರು ಮತ ಕೊಡುವ ಪ್ರಾಥಮಿಕ ಚುನಾವಣೆಯು ಅಲ್ಲಿ ೨೦೨೪ನೆಯ ಇಸವಿ ಜನವರಿ ೨೩ರಂದು ಗೊತ್ತಾಗಿದ್ದಿತು. ಅದಕ್ಕೆ ಎರಡು ದಿನ ಮುಂಚೆ ಸಾವಿರಾರು ಮಂದಿಗೆ ಟೆಲಿಫೋನ್ ಕರೆ ಬಂದಿತು. ಕೇಳಿದವರ ಕಿವಿಗೆ ಬಿದ್ದುದು ಆಗಿನ ಅಧ್ಯಕ್ಷರಾದ ಜೋ ಬೈಡನ್ನರ ದನಿ. ಮಂಗಳವಾರ ಮತ ಕೊಡದೆ, ನವೆಂಬರಿಗೆ ಉಳಿಸಿಕೊಳ್ಳಿರೆಂಬುದು ಅದರ ತಾತ್ಪರ್ಯ. ಉಪದೇಶವೂ ಸುಳ್ಳು, ದನಿಯೂ ಸುಳ್ಳು. ಜನವರಿಯಲ್ಲಿ ಮತ ಕೊಟ್ಟವರಿಗೆ ನವೆಂಬರಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಬೈಡನ್ನರು ಆ ಮಾತನ್ನು ಆಡಿಯೇ ಇರಲಿಲ್ಲ. ಇದನ್ನು ಮಾಡಿಸಿದವನು ಒಬ್ಬ ರಾಜಕೀಯ ಸಲಹೆಗಾರ. ದನಿಯನ್ನು ತಯಾರಿಸಿ ಕೊಟ್ಟವನು ಜಾದೂಗಾರ. ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಹೊತ್ತು, ಒಂದು ಡಾಲರಿನ ಖರ್ಚು, ಇಷ್ಟೇ ಸಾಕಾಯಿತೆಂದು ಅವನೇ ಹೇಳಿದನು.

ಮುಂದಿನ ತಿಂಗಳಲ್ಲಿಯೇ ಅಮೆರಿಕದ ಸಂಪರ್ಕ ಆಯೋಗವು, ಕರೆ ಸ್ವೀಕರಿಸುವವರ ಒಪ್ಪಿಗೆಯಿಲ್ಲದೆ ಕೃತಕ ದನಿಯ ಯಾಂತ್ರಿಕ ಕರೆಗಳನ್ನು ಮಾಡುವುದು ಕಾನೂನಿಗೆ ವಿರುದ್ಧವೆಂದು ಸಾರಿತು. ಸಲಹೆಗಾರನಿಗೆ ೬೦ ಲಕ್ಷ ಡಾಲರು ದಂಡವನ್ನೂ ವಿಧಿಸಿತು. ಆದರೆ ೨೦೨೫ರ ಜೂನಿನಲ್ಲಿ ನ್ಯಾಯಾಲಯದ ಜ್ಯೂರಿಯು ಅವನನ್ನು ಕ್ರಿಮಿನಲ್ ಆರೋಪಗಳಿಂದ ಬಿಡುಗಡೆ ಮಾಡಿತು. ಯಂತ್ರವು ಓಡುವ ವೇಗಕ್ಕೆ ಕಾಯಿದೆಯು ನಡೆಯಲಾರದೆಂಬುದು ಇದರಿಂದ ಸ್ಪಷ್ಟ.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಅಸಂಖ್ಯ ಜನರ ಮಾತಿನ ಮುದ್ರಣಗಳಿಂದ ಗಣಕವು ದನಿಯ ಏರಿಳಿತ, ಉಸಿರು, ಉಚ್ಚಾರಗಳ ಲೆಕ್ಕವನ್ನು ಕಲಿತಿರುವುದು. ಬಳಿಕ ಒಬ್ಬ ವ್ಯಕ್ತಿಯ ಮಾತಿನ ಚಿಕ್ಕ ಮಾದರಿಯನ್ನು ಒದಗಿಸಿದರೆ, ನಾವು ಬರೆದುಕೊಟ್ಟುದನ್ನು ಆತನ ದನಿಯಲ್ಲಿಯೇ ನುಡಿಯುವುದು. ಭಾಷಣಗಳು ಎಲ್ಲರಿಗೂ ಸಿಕ್ಕುವುದರಿಂದ ರಾಜಕೀಯ ಮುಖಂಡರ ಅನುಕರಣವು ಅತಿ ಸುಲಭ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. ೨೦೧೮ರಲ್ಲಿ ದಿವಂಗತರಾದ ಕರುಣಾನಿಧಿಯವರು ೨೦೨೪ರ ಜನವರಿಯಲ್ಲಿ ಸಭೆಯೊಂದರ ತೆರೆಯ ಮೇಲೆ ಕಾಣಿಸಿಕೊಂಡು ಮಾತನಾಡಿದಂತೆ ತೋರಿಸಲಾಯಿತು. ಅದೇ ವರ್ಷದ ಲೋಕಸಭಾ ಚುನಾವಣೆಯ ಕಾಲದಲ್ಲಿ ಆಮಿರ್ ಖಾನ್, ರಣವೀರ್ ಸಿಂಗ್ ಎಂಬ ನಟರು ಆಡದ ಮಾತುಗಳನ್ನು ಆಡಿದಂತೆ ಕಟ್ಟಿದ ಚಿತ್ರಗಳು ಹರಡಿದುವು. ಇಬ್ಬರ ಪರವಾಗಿಯೂ ಪೊಲೀಸರಿಗೆ ದೂರು ಕೊಡಬೇಕಾಯಿತು. ಇಂತಹ ಸುಳ್ಳು ಚಿತ್ರಗಳು ಗಮನಕ್ಕೆ ಬಂದ ಮೂರು ಗಂಟೆಗಳೊಳಗೆ ಪಕ್ಷಗಳು ತಮ್ಮ ಖಾತೆಗಳಿಂದ ಅವುಗಳನ್ನು ತೆಗೆದುಹಾಕಬೇಕೆಂದು ಚುನಾವಣಾ ಆಯೋಗವು ಆ ವರ್ಷದ ಮೇ ತಿಂಗಳಲ್ಲಿ ಆಜ್ಞೆ ಮಾಡಿತು. ಆದರೆ ಇದೇ ವಿದ್ಯೆಯಿಂದ ಉಪಕಾರವೂ ಉಂಟು. ೨೦೨೩ರ ಡಿಸೆಂಬರಿನಲ್ಲಿ ಕಾಶಿಯ ಸಭೆಯೊಂದರಲ್ಲಿ ಪ್ರಧಾನಮಂತ್ರಿಗಳ ಹಿಂದೀ ಭಾಷಣವನ್ನು ‘ಭಾಷಿಣಿ’ ಎಂಬ ಸಾಧನವು ಒಡನೊಡನೆಯೇ ತಮಿಳಿಗೆ ತಿರುಗಿಸಿತು. ಹಾಗಾದುದರಿಂದ ವಿದ್ಯೆಯನ್ನೇ ದೂರುವುದು ಉಚಿತವಲ್ಲ. ಬಳಸುವವರ ಉದ್ದೇಶವನ್ನು ವಿಚಾರಿಸಬೇಕು.

ಇನ್ನೊಂದು ಅಪಾಯವನ್ನೂ ಹೇಳಬೇಕಾಗಿದೆ. ಸುಳ್ಳುದನಿಯು ಸಾಮಾನ್ಯವಾದಾಗ, ನಿಜವಾಗಿ ತಪ್ಪು ಮಾತನ್ನಾಡಿ ಸಿಕ್ಕಿಬಿದ್ದವನೂ “ಅದು ನನ್ನದಲ್ಲ, ಯಂತ್ರದ್ದು” ಎಂದು ನುಣುಚಿಕೊಳ್ಳುವನು. ಎಲ್ಲವನ್ನೂ ನಂಬುವವನಂತೆ ಯಾವುದನ್ನೂ ನಂಬದವನೂ ಮೋಸಹೋಗುವನು. ಪ್ರಜಾಪ್ರಭುತ್ವಕ್ಕೆ ಈ ಎರಡನೆಯ ಹಾನಿಯೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ.

ಆದುದರಿಂದ ಮನೆಯ ಹಿರಿಯರು ಕೆಲವು ಅಭ್ಯಾಸಗಳನ್ನು ಬೆಳೆಸತಕ್ಕದ್ದು. ಕೋಪವನ್ನೋ ಭಯವನ್ನೋ ಕೆರಳಿಸುವ ಚಿತ್ರ ಬಂದರೆ, ಅದನ್ನು ಮೊದಲು ಹೇಳಿದವರು ಯಾರು, ಎಲ್ಲಿ, ಎಂದು ಎಂಬುದನ್ನು ವಿಚಾರಿಸದೆ ನಾಲ್ವರಿಗೆ ಹಂಚಬಾರದು. ಮತದಾನದ ದಿನ, ಸ್ಥಳಗಳ ವಿಚಾರವನ್ನು ಬಂದ ಕರೆಯಿಂದ ತಿಳಿಯದೆ, ಚುನಾವಣಾ ಆಯೋಗದ ೧೯೫೦ ಎಂಬ ಸಹಾಯವಾಣಿಗೆ ತಾವೇ ಕರೆಮಾಡಿ ಕೇಳಬೇಕು. ಮಗನ ದನಿಯಲ್ಲಿ ಹಣ ಕೇಳುವ ಕರೆ ಬಂದರೂ ಇದೇ ನಿಯಮ: ಕರೆಯನ್ನು ನಿಲ್ಲಿಸಿ, ತಮಗೆ ತಿಳಿದ ಸಂಖ್ಯೆಗೆ ತಿರುಗಿ ಮಾತನಾಡಿಸಬೇಕು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುರುತಿನ ಮಾತನ್ನು ಗೊತ್ತುಮಾಡಿಕೊಂಡರೆ ಇನ್ನೂ ಲೇಸು. ಇದಕ್ಕೆ ಯಂತ್ರಜ್ಞಾನವೇನೂ ಬೇಕಿಲ್ಲ. ಓದುಬರಹ ಬಾರದ ಅಜ್ಜಿಗೂ ಒಂದು ಸಂಜೆಯಲ್ಲಿ ಕಲಿಸಬಹುದು.