ಗೌಡರ ಬಾಕಿ

ರಜೆಯಲ್ಲಿ ಭೂತನಾಳದ ನಮ್ಮ ಮನೆಯ ಕಟ್ಟೆಯ ಮೇಲೆ ಐದಾರನೇ ತರಗತಿಯ ಐದು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅವರಲ್ಲಿ ನನ್ನ ತಂಗಿಯೂ ಒಬ್ಬಳು. ರಾಬರ್ಟ್ ಬ್ರೌನಿಂಗ್ ಬರೆದ ‘ದಿ ಪೈಡ್ ಪೈಪರ್ ಆಫ್ ಹ್ಯಾಮೆಲಿನ್’ ತೆಗೆದುಕೊಂಡೆ. ಮೊದಲ ದಿನ ಒಂದೊಂದು ಶಬ್ದಕ್ಕೂ ಅರ್ಥ ಬರೆಸಿದೆ. ಎರಡನೆಯ ದಿನ ಬಂದವರು ಇಬ್ಬರೇ.

ತಪ್ಪು ಕವಿತೆಯದಲ್ಲ, ನನ್ನದು. 1842ರಲ್ಲಿ ಪ್ರಕಟವಾದ ಈ ಕವಿತೆಯನ್ನು ಬ್ರೌನಿಂಗ್ ಬರೆದದ್ದು ಕಾಯಿಲೆ ಬಿದ್ದಿದ್ದ ಹುಡುಗನೊಬ್ಬನಿಗಾಗಿ. ನಟ ಮೆಕ್ರೆಡಿ ಅವರ ಮಗ ವಿಲ್ಲಿ ಅದಕ್ಕೆ ಚಿತ್ರ ಬರೆಯುತ್ತ ಹೊತ್ತು ಕಳೆಯಲಿ ಎಂದು. ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರವರೆಗಿನ ಕಾಲದ ಇಂಥ ಕವಿತೆಗಳಲ್ಲಿ ಕಥೆ, ಪ್ರಾಸ, ತಾಳ ಮೂರೂ ಸಿಗುತ್ತವೆ. ಅವು ಮೊದಲು ಕಿವಿಗೆ ಬೀಳಬೇಕು, ನೋಟ್‌ಬುಕ್ಕಿಗೆ ಆಮೇಲೆ.

ಮೂರನೆಯ ದಿನ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ತಂದೆ. ಅದೇ ಬ್ರೌನಿಂಗ್ ಕಥೆ. ಆದರೆ ಜರ್ಮನಿಯ ವೇಸರ್ ನದಿ ಹೋಗಿ ನಮ್ಮ ತುಂಗೆ ಬಂದಿದೆ, ಮೇಯರ್ ಜಾಗದಲ್ಲಿ ಗೌಡ, ಕೊಳಲಿನ ಜಾಗದಲ್ಲಿ ಕಿಂದರಿ. ಇದನ್ನು ಅನುವಾದ ಅನ್ನುವುದಕ್ಕಿಂತ ಇಡೀ ಊರನ್ನೇ ಎತ್ತಿ ತಂದದ್ದು ಅನ್ನಬೇಕು. ನಾನು ಓದಿದೆ, ಮಕ್ಕಳು ತೊಡೆ ತಟ್ಟಿ ತಾಳ ಹಾಕಿದರು. ಇಲಿಗಳ ಭಾಗ ಯಾರು ಓದುತ್ತೀರಿ ಎಂದಾಗ ತಂಗಿ ಕೈ ಎತ್ತಿದಳು. ಮನೆಯಲ್ಲಿ ಉರ್ದು ಮಾತಾಡುವ ನಮಗೆ ‘ಳ’ಕಾರ ಸುಲಭಕ್ಕೆ ಬರುವುದಿಲ್ಲ. ಒಮ್ಮೆ ತರಗತಿಯಲ್ಲಿ ಎಲ್ಲರೂ ನಕ್ಕ ಮೇಲೆ ಅವಳು ಕನ್ನಡವನ್ನು ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಳು. ಅವತ್ತು ಒಂದು ಪುಟ ಪೂರ್ತಿ ಓದಿದಳು. ಎರಡು ಕಡೆ ‘ಳ’ ಹೋಗಿ ‘ಲ’ ಆಯಿತು. ಯಾರಿಗೂ ಅದರ ಕಡೆ ಗಮನವಿಲ್ಲ, ಎಲ್ಲರೂ ಇಲಿಗಳ ಹಿಂದೆ ಹೋಗಿದ್ದರು.

ಆಮೇಲೆ ಬ್ರೌನಿಂಗ್ ತೆರೆದೆ. ಕಥೆ ಗೊತ್ತಿದ್ದರಿಂದ ಎಷ್ಟೋ ಶಬ್ದಗಳನ್ನು ಅವರೇ ಊಹಿಸಿದರು. ಅಲ್ಲಿ ಒಪ್ಪಿಕೊಂಡದ್ದು ಸಾವಿರ ಗಿಲ್ಡರ್, ಕೆಲಸ ಮುಗಿದ ಮೇಲೆ ಕೊಡಲು ಬಂದದ್ದು ಐವತ್ತು. ಪಕ್ಕದ ಮನೆಯ ಹುಡುಗ ಕೇಳಿದ: “ಅಕ್ಕಾ, ಕಾಗದದ ಮ್ಯಾಲೆ ಏನೂ ಬರಕೊಂಡಿಲ್ಲಲ್ಲ, ಹಂಗಾದ್ರೂ ರೊಕ್ಕ ಕೊಡಬೇಕೇನು?” ವಾಣಿಜ್ಯ ಓದುವವಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ! ಪ್ರಸ್ತಾವ, ಒಪ್ಪಿಗೆ, ಪ್ರತಿಫಲ ಇದ್ದರೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಕರಾರಿಗೂ ಸಾಮಾನ್ಯವಾಗಿ ಬೆಲೆಯಿದೆ, ಕೊಡಲೇಬೇಕು ಎಂದೆ. ಅಷ್ಟರಲ್ಲಿ ತಂಗಿ, “ಆಪಾ, ಬಾಕಿ ಗೌಡಂದು. ಮಕ್ಕಳನ್ನ ಯಾಕ ಕರ್ಕೊಂಡು ಹೋದ?” ಎಂದಳು. ಇದಕ್ಕೆ ನನ್ನ ಹತ್ತಿರ ಯಾವ ಕಲಮೂ ಇರಲಿಲ್ಲ. ಅರ್ಧ ಗಂಟೆ ಜಗಳವಾಯಿತು, ತೀರ್ಪು ಬರಲಿಲ್ಲ.

ನೀವೂ ನಿಮ್ಮ ಮನೆಯ ಚಿಕ್ಕವರಿಗೆ ಓದಿ ಹೇಳುವುದಾದರೆ ಬ್ರೌನಿಂಗ್ ಕವಿತೆಯನ್ನು ಒಂದೇ ಸಲ ಮುಗಿಸಬೇಡಿ, ಅದು ಬಹಳ ಉದ್ದ. ಇಲಿಗಳು ನದಿಗೆ ಬಿದ್ದಲ್ಲಿಗೆ ನಿಲ್ಲಿಸಿ. ಚಿಕ್ಕದು ಬೇಕೆಂದರೆ ಕ್ರಿಸ್ಟಿನಾ ರೊಸೆಟ್ಟಿ ಅವರ ‘ಸಿಂಗ್-ಸಾಂಗ್’ ಪುಸ್ತಕದಲ್ಲಿ ಗಾಳಿಯ ಬಗ್ಗೆ ಎರಡೇ ಪದ್ಯದ ಕವಿತೆಯಿದೆ (ಈ ಪುಸ್ತಕವೂ ಕರಾರು ಕಾಯ್ದೆಯ ವರ್ಷದ್ದೇ). ಟೆನಿಸನ್ ಬರೆದ ಪ್ರತಿಧ್ವನಿಯ ಹಾಡೊಂದಿದೆ, ಗೋಳಗುಮ್ಮಟದೊಳಗೆ ಕೂಗಿ ಬಂದ ನಮ್ಮ ಊರಿನ ಮಕ್ಕಳಿಗೆ ಅದನ್ನು ಬಿಡಿಸಿ ಹೇಳುವುದೇ ಬೇಡ. ಅದನ್ನು ಗುಮ್ಮಟದಲ್ಲೇ ಓದೋಣ ಎಂದು ತಂಗಿ ಹಟ ಹಿಡಿದಿದ್ದಾಳೆ. ಹದಿನೈದು ವರ್ಷದೊಳಗಿನವರಿಗೆ ಅಲ್ಲಿ ಟಿಕೆಟ್ ಇಲ್ಲ. ನನ್ನದೊಂದನ್ನು ಅಬ್ಬಾ ಕೊಡಿಸಬೇಕು.