ಊರೊಳಗೆ ಬರುವುದು ರೆಕ್ಕೆಯಲ್ಲ, ಜಲ್ಲಿ

ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವ ಸುದ್ದಿ ಬಂತೆಂದರೆ ಅದರ ಬೆನ್ನಿಗೇ ಒಂದು ವಿಡಿಯೊ ಬರುತ್ತದೆ. ಉದ್ದದ ಟ್ರೇಲರ್ ಮೇಲೆ ದೈತ್ಯ ರೆಕ್ಕೆ, ಹಳ್ಳಿಯ ತಿರುವಿನಲ್ಲಿ ಸಿಕ್ಕಿ ಒದ್ದಾಟ. ‘ಪಾಪ, ಆ ಊರಿನವರ ಗತಿ!’ ಎಂಬ ಒಕ್ಕಣೆ ಬೇರೆ. ಚಿತ್ರದುರ್ಗದ ಹೆದ್ದಾರಿಯಲ್ಲಿ ಇಂಥ ರೆಕ್ಕೆ ಕಂಡವರು ಮರುಮಾತಿಲ್ಲದೆ ನಂಬುತ್ತಾರೆ. ಆದರೆ ಅಲ್ಲಿನ ಜೋಗಿಮಟ್ಟಿಯ ಯಂತ್ರಗಳು ಗುಡ್ಡದ ಮೇಲಿವೆ ಸ್ವಾಮಿ, ಅವಕ್ಕೆ ರಸ್ತೆಯೇ ಗತಿ. ನೀರಿನ ನಡುವೆ ನಿಲ್ಲುವ ಯಂತ್ರದ ರೆಕ್ಕೆಗೆ ಹಳ್ಳಿಯ ಬೀದಿಯಲ್ಲಿ ಏನು ಕೆಲಸ? ಅದು ಬಂದರಿನಿಂದ ಹಡಗೇರಿ ಹೋಗುತ್ತದೆ; ಕಂಬವೂ ಅಡಿಪಾಯವೂ ಹಾಗೆಯೇ.

ಹಾಗಾದರೆ ಇಂಗ್ಲೆಂಡಿನ ನಾರ್ಫೋಕ್‌ನ ಕಾಸ್ಟನ್ ಗ್ರಾಮದವರು ವರ್ಷಗಟ್ಟಲೆ ತಕರಾರು ತೆಗೆದದ್ದು ಯಾತಕ್ಕೆ? ಲಾರಿಗಳಿಗೆ. ‘ಹಾರ್ನ್‌ಸೀ 3’ ಎಂಬ ಸಮುದ್ರ ಯೋಜನೆಯ ಗಾಳಿಯಂತ್ರಗಳ ಜಾಗ ಕರಾವಳಿಯಿಂದ ಸುಮಾರು 120 ಕಿ.ಮೀ. ದೂರದಲ್ಲಿದೆ. ಅದರ ಕೇಬಲ್ ವೇಬರ್ನ್‌ನಲ್ಲಿ ದಡ ಹತ್ತಿ, ಹೊಲಗಳಡಿ 50 ಕಿ.ಮೀ.ಗೂ ಹೆಚ್ಚು ಸಾಗಿ ನಾರಿಚ್ ನಗರದ ದಕ್ಷಿಣದ ಸಬ್‌ಸ್ಟೇಷನ್ ಸೇರಬೇಕು. ದಡದಲ್ಲೇ ಮುಗಿಸಬಾರದೇ ಎನ್ನುವವರಿಗೆ ಉತ್ತರ ಚಿಕ್ಕದು: ಅಷ್ಟು ವಿದ್ಯುತ್ತನ್ನು ತಾಳುವ ಸಬ್‌ಸ್ಟೇಷನ್ ಅಲ್ಲಿಲ್ಲ.

ಕೇಬಲ್ ಹೂಳಲು ಯಂತ್ರಗಳು ಓಡಾಡಬೇಕು. ಹಸಿ ಹೊಲದಲ್ಲಿ ಓಡಾಡಿದರೆ ಹೂತುಹೋಗುತ್ತವೆ. ಅದಕ್ಕೇ ಮೇಲ್ಮಣ್ಣು ತೆಗೆದು ಬದಿಗೆ ರಾಶಿ ಹಾಕಿ, ಕೇಬಲ್ ದಾರಿಯ ಉದ್ದಕ್ಕೂ ತಾತ್ಕಾಲಿಕ ಜಲ್ಲಿ ರಸ್ತೆ ಮಾಡುತ್ತಾರೆ. ನೀವೇ ಲೆಕ್ಕ ಹಾಕಿ. ಆರು ಮೀಟರ್ ಅಗಲ, 30 ಸೆಂ.ಮೀ. ದಪ್ಪ ಎಂದಿಟ್ಟುಕೊಂಡರೆ ಒಂದು ಕಿ.ಮೀ.ಗೆ 1,800 ಘನ ಮೀಟರ್, ಅಂದರೆ ಹತ್ತಿರಹತ್ತಿರ 3,600 ಟನ್. ಇಪ್ಪತ್ತು ಟನ್ನಿನ ಟಿಪ್ಪರ್‌ಗೆ 180 ಲೋಡು. ಬಂದ ಗಾಡಿ ಹೋಗಲೂಬೇಕು, ಆದ್ದರಿಂದ ಸಂಚಾರ ಪಟ್ಟಿಯಲ್ಲಿ ಅದು 360. ಇದನ್ನು 360 ಲಾರಿ ಎಂದು ಓದಿ ಬೊಬ್ಬೆ ಹಾಕುವವರೂ ಇದ್ದಾರೆ. ಕೆಲಸ ಮುಗಿದ ಮೇಲೆ ರೈತನ ಹೊಲ ರೈತನಿಗೆ ಬಿಟ್ಟುಕೊಡಬೇಕಲ್ಲ, ಅದೇ ಜಲ್ಲಿ ಮತ್ತೆ ವಾಪಸು.

ಇಷ್ಟು ಜಲ್ಲಿ ಬೇಡವೆಂದು ಆ ರಸ್ತೆಯನ್ನೇ ಕೈಬಿಟ್ಟರೆ ಇನ್ನೊಂದು ಫಜೀತಿ. ಪ್ರತಿ ತಂಡವೂ ಬೇರೆಬೇರೆ ಓಣಿಗಳಿಂದ ಹೊಲಕ್ಕೆ ನುಗ್ಗಬೇಕು. ಒಂದೊಂದು ಕಡೆಯೂ ಚಾಲಕನಿಗೆ ಎರಡೂ ಬದಿ ದೂರದವರೆಗೆ ಕಾಣುವಂತೆ ಬೇಲಿ ಕಡಿಯಬೇಕು, ಹೊಲದ ದಾರಿಯ ಬಾಯಿ ಅಗಲಿಸಬೇಕು. ಯಾವ ರಸ್ತೆ, ಯಾವ ಹೊತ್ತು, ದಿನಕ್ಕೆಷ್ಟು ಗಾಡಿ ಎಂಬ ಚೌಕಾಸಿಯೇ ಲಾರಿ ಸಂಚಾರ ಯೋಜನೆಯ ಜೀವಾಳ.

‘ನದಿಯ ಅಡಿಯಲ್ಲಿ ಕೊರೆದು ಕೇಬಲ್ ದಾಟಿಸುತ್ತಾರೆ, ಯಾರಿಗೂ ತೊಂದರೆಯಿಲ್ಲ’ ಎನ್ನುವ ಜಾಣರ ಬಗ್ಗೆ ನನಗೆ ವಿಶೇಷ ಪ್ರೀತಿ. ಕೇಬಲ್ ನದಿಯಡಿ ನುಸುಳುತ್ತದೆ, ಲಾರಿ ನುಸುಳುವುದಿಲ್ಲ! ತಾತ್ಕಾಲಿಕ ಸೇತುವೆ ಹಾಕದಿದ್ದರೆ ಎರಡೂ ದಡಕ್ಕೆ ಪ್ರತ್ಯೇಕ ದಾರಿ ಬೇಕು. ಇನ್ನು, ಇಡೀ ಐವತ್ತು ಕಿ.ಮೀ. ಏಕಕಾಲಕ್ಕೆ ಬಾಯಿ ತೆರೆದು ಬಿದ್ದಿರುವುದೂ ಇಲ್ಲ. ತುಂಡುತುಂಡಾಗಿ ಅಗೆದು, ಪೈಪು ಹೂತು ಮುಚ್ಚಿ, ಕೇಬಲನ್ನು ಆಮೇಲೆ ಎಳೆಯುತ್ತಾರೆ.

ಕಾಸ್ಟನ್‌ನವರಿಗೆ ಇದೆಲ್ಲ ಗೊತ್ತಿತ್ತು. ಕಿರಿದಾದ ಬಿ1145 ರಸ್ತೆಯಲ್ಲಿ ಹಾರ್ನ್‌ಸೀಯದ್ದಲ್ಲದೆ ನಾರ್ಫೋಕ್ ವ್ಯಾನ್‌ಗಾರ್ಡ್ ಎಂಬ ಇನ್ನೊಂದು ಸಮುದ್ರ ಗಾಳಿಯಂತ್ರ ಯೋಜನೆಯ ಲಾರಿಗಳೂ ಬರುತ್ತವೆಂದು ಅವರು ಯೋಜನೆಗಳ ಕಡತ ಓದಿ ವಾದಿಸಿದರು. ಕಡತಗಳು ಯಾರು ಬೇಕಾದರೂ ಓದುವಂತೆ ಇಂಟರ್‌ನೆಟ್‌ನಲ್ಲೇ ಇವೆ. ನಮ್ಮ ಫಾರ್ವರ್ಡ್ ವೀರರಿಗೆ ಮಾತ್ರ ಪುರುಸೊತ್ತಿಲ್ಲ. ಜಲ್ಲಿಯ ರಾಶಿ ನೋಡಿ ಯಾರು ಹೆದರುತ್ತಾರೆ, ಹೇಳಿ?

ಅಸಲಿಗೆ ವ್ಯಾನ್‌ಗಾರ್ಡ್‌ನ ಒಪ್ಪಿಗೆಯನ್ನು 2021ರ ಫೆಬ್ರುವರಿಯಲ್ಲಿ ಅಲ್ಲಿನ ಹೈಕೋರ್ಟ್ ರದ್ದುಪಡಿಸಿದ್ದೂ ದಡದ ಮೇಲಿನ ಕೆಲಸದ ಕಾರಣಕ್ಕೇ. ನೆಕ್ಟನ್ ಸಬ್‌ಸ್ಟೇಷನ್ ಬಳಿ ಇದರ ಜೊತೆಗೆ ನೆರೆಯ ಬೋರಿಯಾಸ್ ಯೋಜನೆಯೂ ಸೇರಿ ಆಗುವ ಒಟ್ಟು ಪರಿಣಾಮವನ್ನು ಒಪ್ಪಿಗೆ ಕೊಟ್ಟ ಮಂತ್ರಿ ತೂಗಿರಲಿಲ್ಲ. ಮರುವರ್ಷ ಎಲ್ಲ ಮತ್ತೆ ಪರಿಶೀಲಿಸಿ ಒಪ್ಪಿಗೆ ಕೊಟ್ಟರು.