ದ್ರಾಕ್ಷಿ ತೋಟದ ಅಲ್ಯುಮಿನಿಯಂ ಸಾಮಾನುಗಳ ಕಿಲುಬು

ವಿಜಯಪುರ ನಗರದ ಸುತ್ತಲೂ, ವಿಶೇಷವಾಗಿ ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳಲ್ಲಿ, ದ್ರಾಕ್ಷಿಯ ಒಕ್ಕಲುತನವು ಹಬ್ಬಿದಂತೆಲ್ಲ ಲೋಹದ ಸಾಮಾನುಗಳೂ ತೋಟಗಳಲ್ಲಿ ಕೂಡುತ್ತ ಬಂದಿವೆ. ಅಲ್ಯುಮಿನಿಯಮ್ಮಿಗೆ ತುಕ್ಕು ಹಿಡಿಯುವುದಿಲ್ಲವೆಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಇದು ಅರ್ಧ ಸತ್ಯ. ಈ ಲೋಹವನ್ನು ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಅತಿ ತೆಳುವಾದ ಪೊರೆ. ಹುಳಿಯಾಗಲಿ ಕ್ಷಾರವಾಗಲಿ ಮಿತಿಮೀರಿದರೆ ಆ ಪೊರೆಯು ಕರಗಿಹೋಗುತ್ತದೆ. ಸಮುದ್ರದಲ್ಲಿ ಓಡುವ ಅಲ್ಯುಮಿನಿಯಂ ದೋಣಿಯ ತಳಕ್ಕೆ ಉಪ್ಪುನೀರೂ ತಾಮ್ರ ಕೂಡಿದ ಬಣ್ಣವೂ ಮಾಡುವ ಕೇಡನ್ನೇ ತೋಟದ ಪಾತ್ರೆಗೆ ಮೈಲುತುತ್ತವು ಮಾಡುತ್ತದೆ.

ಬೋರ್ಡೋ ದ್ರಾವಣವು 1885ರಲ್ಲಿ ಫ್ರಾನ್ಸಿನ ಮಿಲಾರ್ಡೆಯವರಿಂದ ಬೆಳಕಿಗೆ ಬಂದುದು. ನೂರಕ್ಕೆ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಬೇಕು. ಮೈಲುತುತ್ತವನ್ನು ಅಲ್ಯುಮಿನಿಯಂ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಎಂದಿಗೂ ಕರಗಿಸಬಾರದು. ತಾಮ್ರವು ನೀರನ್ನು ಬಿಟ್ಟು ಪಾತ್ರೆಯ ಗೋಡೆಗೆ ಕೂತುಕೊಳ್ಳುತ್ತದೆ. ಔಷಧವೂ ಸಪ್ಪೆಯಾಗುತ್ತದೆ, ಪಾತ್ರೆಯೂ ತೂತಾಗುತ್ತದೆ. ಪ್ಲಾಸ್ಟಿಕ್ ಪೀಪಾಯಿ ಅಥವಾ ಮಣ್ಣಿನ ಹರವಿಯೇ ಯೋಗ್ಯ. ಸಿದ್ಧವಾದ ದ್ರಾವಣದಲ್ಲಿ ಹೊಳೆಯುವ ಕುಡಗೋಲಿನ ಅಲಗನ್ನು ತುಸು ಹೊತ್ತು ಅದ್ದಿ ನೋಡತಕ್ಕದ್ದು. ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ತಿಳಿಯನ್ನು ಕೂಡಿಸಬೇಕು. ಇದನ್ನು ಅಲಕ್ಷಿಸಿದವರ ಬಳ್ಳಿಯ ಎಲೆ ಸುಡುತ್ತದೆ. ಅಕ್ಟೋಬರ್ ಚಾಟನಿಯ ನಂತರದ ಎಳೆ ಎಲೆ ಸುಟ್ಟರೆ ಆ ವರ್ಷದ ಫಲಕ್ಕೇ ಪೆಟ್ಟು.

ಇನ್ನು ಮಣೂಕ ಮಾಡುವವರ ತೊಂದರೆ ಬೇರೆ. ಗೊನೆಗಳನ್ನು ಅದ್ದುವ ನೀರಿಗೆ ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 15 ಮಿಲಿ ಲೀಟರು ಡಿಪ್ಪಿಂಗ್ ಎಣ್ಣೆ ಬೆರೆಸುವುದು ರೂಢಿ. ಈ ನೀರು ಬಲವಾದ ಕ್ಷಾರ. ಅಲ್ಯುಮಿನಿಯಂ ಬೋಗುಣಿಯಲ್ಲಿ ಇದನ್ನು ತುಂಬಿಟ್ಟರೆ ಸಣ್ಣ ಗುಳ್ಳೆಗಳು ಏಳುವುದನ್ನು ಕಾಣಬಹುದು. ಅವು ಜಲಜನಕದ ಗುಳ್ಳೆಗಳು. ಮುಚ್ಚಿದ ಕೋಣೆಯಲ್ಲಾದರೆ ಬೀಡಿಯ ಕಿಡಿಯೂ ಅಪಾಯಕರ. ಒಲೆಯ ಬೂದಿಯಿಂದ ತಿಕ್ಕುವ ನಮ್ಮ ಮನೆಗಳ ಪದ್ಧತಿಯು ಹಿತ್ತಾಳೆಗೆ ಸರಿ, ಅಲ್ಯುಮಿನಿಯಮ್ಮಿಗೆ ಸಲ್ಲದು, ಯಾಕಂದರೆ ಬೂದಿಯೂ ಕ್ಷಾರವೇ. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾಗಳ ಮಾತಂತೂ ಬೇಡ.

ಈಗಾಗಲೇ ಕಿಲುಬು ಹಿಡಿದ ಸಾಮಾನನ್ನು ಮೊದಲು ತಿಳಿನೀರಿನಿಂದ ಹಲವು ಸಾರೆ ತೊಳೆಯಬೇಕು. ಬಿಳಿಯ ಹಿಟ್ಟಿನಂಥ ಹೊಟ್ಟನ್ನು ಹುಣಸೆಹುಳಿ ಅಥವಾ ನಿಂಬೆಯ ರಸ ಸವರಿ, ತೆಂಗಿನ ನಾರಿನಿಂದ ಇಲ್ಲವೆ ನೈಲಾನ್ ಕುಂಚದಿಂದ ತಿಕ್ಕಿ ತೆಗೆಯಬೇಕು. ಕಬ್ಬಿಣದ ತಂತಿಯ ಕುಂಚ ಕೂಡದು; ಅದರ ಚೂರುಗಳು ಲೋಹದಲ್ಲಿ ಸಿಕ್ಕಿಕೊಂಡು ಹೊಸ ಕಿಲುಬಿಗೆ ದಾರಿಯಾಗುತ್ತವೆ. ಕೆಂಪು ಅಥವಾ ಕಪ್ಪು ಚುಕ್ಕೆಗಳು ಉಳಿದಲ್ಲಿ ಅವು ತಾಮ್ರವಿರಬಹುದು. ಬೆಳ್ಳಗಿನ ಲೋಹ ಕಾಣುವ ತನಕ ಮರಳು ಕಾಗದದಿಂದ ಉಜ್ಜಿ ತೆಗೆಯದ ಹೊರತು ಕುಳಿಯು ಒಳಗೊಳಗೇ ಆಳವಾಗುತ್ತ ಹೋಗುತ್ತದೆ. ಹುಳಿಯನ್ನು ಪೂರಾ ತೊಳೆದು ಬಿಸಿಲಿಗೆ ಒಣಗಿಸಿ, ನೀರು ತುಂಬಿಸಿ ಹೊರಮೈ ನೋಡಿದರೆ ಸೋರುವ ಜಾಗ ತಿಳಿಯುತ್ತದೆ. ಸಣ್ಣ ತೂತನ್ನು ಎಪಾಕ್ಸಿ ಲಪ್ಪದಿಂದ ಮುಚ್ಚಬಹುದು. ತೇಪೆ ಹಚ್ಚುವುದಾದರೆ ತಗಡೂ ಮೊಳೆಯೂ ಅಲ್ಯುಮಿನಿಯಮ್ಮಿನವೇ ಇರಬೇಕು. ತಾಮ್ರದ ಮೊಳೆ ಹೊಡೆಯುವುದೆಂದರೆ ರೋಗವನ್ನೇ ಒಳಗೆ ಕರೆದಂತೆ. ತಳವೆಲ್ಲ ಜರಡಿಯಾಗಿದ್ದರೆ ರಿಪೇರಿಯ ಖರ್ಚು ವ್ಯರ್ಥ, ಅದನ್ನು ಮೋಡಕಾ ವ್ಯಾಪಾರಿಗೆ ಕೊಡುವುದೇ ಲೇಸು.

ಮಣೂಕದ ಗೊನೆ ಅದ್ದುವ ಪಾತ್ರೆಗೆ ಈ ರಿಪೇರಿ ಸಲ್ಲದು. ತಿನ್ನುವ ಪದಾರ್ಥಕ್ಕೆ ಸ್ಟೇನ್‌ಲೆಸ್ ಸ್ಟೀಲು ಅಥವಾ ಆಹಾರಕ್ಕೆ ತಕ್ಕ ಪ್ಲಾಸ್ಟಿಕ್ ತೊಟ್ಟಿಯೇ ಬೇಕು. ಔಷಧ ಹಿಡಿದ ಪಾತ್ರೆಯು ತೊಳೆದ ಮೇಲೂ ದನದ ನೀರಿಗೆ ಯೋಗ್ಯವಲ್ಲ. ತೊಳೆದ ನೀರನ್ನು ಹಳ್ಳಕ್ಕಾಗಲಿ, ಕೆರೆಗಾಗಲಿ, ಬಾವಿಯ ಕಟ್ಟೆಯ ಬಳಿಗಾಗಲಿ ಚೆಲ್ಲಕೂಡದು, ತಾಮ್ರವು ಅಲ್ಪವಿದ್ದರೂ ಮೀನಿಗೆ ವಿಷ. ಊರಿನ ಕೆರೆಯ ದಂಡೆಯಲ್ಲಿ ಪಂಪು ತೊಳೆಯುವವರನ್ನು ಗೌಡರು ತಡೆದು, ಆ ಕೆಲಸಕ್ಕೆ ದೂರದಲ್ಲಿ ಒಂದು ಸ್ಥಳವನ್ನು ಗೊತ್ತುಮಾಡಿಕೊಡತಕ್ಕದ್ದು.